ಚೆನ್ನಾಜಿಯ ಕಣ್ಣ ಕೆಳಗಿನ ಗುಳ್ಳೆ

"ಕೇಳಿರಪ್ಪೋ ಕೇಳಿ! ರಾಜಕುಮಾರಿ ಚೆನ್ನಾಜಿಯವರ ಮೂರು ಒಗಟು ಬಿಡಿಸಿದವನಿಗೆ ಅವರ ಕೈ ಹಿಡಿಯೋ ಭಾಗ್ಯ, ಜೊತೆಗೆ ಅರ್ಧ ರಾಜ್ಯ. ತಪ್ಪಿದವನ ತಲೆ ಕೋಟೆಬಾಗಿಲಿಗೆ. ಯುಗಾದಿಗೆ ಗಡುವು ಮುಗೀತದೆ!" ಎಂದು ಹಿರೇಮಲ್ಲ ದೊರೆ ಡಂಗುರ ಹೊಡೆಸಿದ.

ಡಂಗುರದವನು ನುಂಗಿಕೊಂಡ ಮಾತೊಂದಿತ್ತು. ಚೆನ್ನಾಜಿಯ ಕಣ್ಣ ಕೆಳಗೆ ಸಾಸಿವೆಯಷ್ಟು ಗುಳ್ಳೆಗಳೆದ್ದಿದ್ದವು. ಅಂಥವೇ ಅವಳ ತಾಯಿಗೂ ಇದ್ದವು. ದೊರೆ ಅದನ್ನು ದೊಡ್ಡರೋಗ, ಅಂದರೆ ಕುಷ್ಠ, ಎಂದು ತೀರ್ಮಾನಿಸಿ ಹೆಂಡತಿಯನ್ನು ಊರಾಚೆಯ ಗುಡಿಸಲಿಗೆ ಅಟ್ಟಿದ್ದ. ಆಕೆ ಅಲ್ಲೇ ಹಸಿದು ಸತ್ತಳು. ಈಗ ಮಗಳ ಸರದಿ. "ಈ ಗುಳ್ಳೆಯ ಮೇಲೇ ಒಗಟು ಹಾಕುತ್ತೇನೆ, ಬಿಡಿಸಿದವನ ಮಾತು ನಂಬಿ. ಯಾರೂ ಬಿಡಿಸದಿದ್ದರೆ ನಾನೇ ಗುಡಿಸಲಿಗೆ ನಡೆಯುತ್ತೇನೆ" ಎಂದು ಅವಳು ಬೇಡಿಕೊಂಡಿದ್ದಳು. ತಲೆ ಕಡಿಯುವ ಶರತ್ತು ಮಾತ್ರ ದೊರೆಯದು. ಅದಿಲ್ಲದೆ ಆ ಮಹಾನುಭಾವನಿಗೆ ಉಂಡದ್ದು ಅರಗುತ್ತಿರಲಿಲ್ಲ.

"ಬಿಸಿಲಿಗೆ ಏಳುತ್ತದೆ, ನೆರಳಿಗೆ ಕೂರುತ್ತದೆ, ಹಿಂಡಿದರೆ ಏನೂ ಕೊಡದು. ಏನದು?" ಇದು ಮೊದಲ ಒಗಟು.

"ಬೆವರುಸಾಲೆ" ಎಂದ ಒಬ್ಬ ಪಂಡಿತ, ಎಂಟು ದಿನ ಗಂಧ ಹಚ್ಚಿಸಿದ. ಒಂಬತ್ತನೆಯ ದಿನ ಗುಳ್ಳೆ ಇದ್ದವು, ಪಂಡಿತನ ತಲೆ ಇರಲಿಲ್ಲ. "ಮೊಡವೆ" ಎಂದ ಇನ್ನೊಬ್ಬ, ಅವಳ ಕಣ್ಣಲ್ಲಿ ನೀರು ಬರುವವರೆಗೆ ಹಿಂಡಿದ. ಗುಳ್ಳೆಯಿಂದ ಏನೂ ಬರಲಿಲ್ಲ. ಅವನ ತಲೆಯೂ ಹೋಯಿತು.

ಯುಗಾದಿಯ ಹಿಂದಿನ ದಿನ ಕ್ಷೌರಿಕ ಬೈಚ ಬಂದ. ಸಭೆ ಬಿದ್ದು ಬಿದ್ದು ನಕ್ಕಿತು. ಅವನು ಗಡ್ಡ ಬೋಳಿಸುವ ಮುಂಚಿನಂತೆ ಎರಡು ಬೆರಳಲ್ಲಿ ಚೆನ್ನಾಜಿಯ ಕೆನ್ನೆಯ ಚರ್ಮ ಎಳೆದು ಹಿಡಿದ. ಒಂದು ಗುಳ್ಳೆಗೆ ಸೂಜಿಯಿಂದ ಮೆಲ್ಲಗೆ ಚುಚ್ಚಿದ.

"ಅಮ್ಮಾ!" ಎಂದಳು ಚೆನ್ನಾಜಿ.

"ನೋವಾಯ್ತಾ ತಾಯೀ? ಒಳ್ಳೇದಾಯ್ತು" ಎಂದು ಬೈಚ ದೊರೆಯತ್ತ ತಿರುಗಿದ. "ಬುದ್ಧೀ, ದೊಡ್ಡರೋಗದವರಿಗೂ ನಾನು ಕ್ಷೌರ ಮಾಡ್ತೀನಿ. ರೋಗ ಹಿಡಿದ ಜಾಗಕ್ಕೆ ಕತ್ತಿ ತಾಗಿದ್ರೂ ಅವರಿಗೆ ತಿಳಿಯೋದಿಲ್ಲ. ಇದು ಅದಲ್ಲ. ಚರ್ಮದೊಳಗೆ ಬೆವರು ಬರೋ ದಾರಿ ಬೆಳೆದು ಗಂಟಾಗಿದೆ. ಅದಕ್ಕೇ ಬಿಸಿಲಿಗೆ ಏಳ್ತದೆ."

ಚೆನ್ನಾಜಿ ಎರಡನೆಯದನ್ನು ಕೇಳಿದಳು: "ಯಾರನ್ನೂ ಮುಟ್ಟದೆ ಬಂತು, ಮುಟ್ಟಿದವರಿಗೆ ಅಂಟದು. ಯಾರ ಮನೆಯದು?"

"ತಾಯಿ ಮನೇದು. ನಮ್ಮ ಕೇರಿಯ ಕೆಂಪಿಗೆ, ಅವಳ ಅವ್ವಗೆ, ಅಜ್ಜಿಗೆ, ಮೂವರಿಗೂ ಇದೆ. ಅಜ್ಜಿಗೆ ಎಂಬತ್ತಾಯ್ತು, ಗಟ್ಟಿಯಾಗವಳೆ."

ಗುಡಿಸಲಲ್ಲಿ ಸತ್ತ ಹೆಂಡತಿಯ ನೆನಪಾಗಿ ದೊರೆ ಮುಖ ತಿರುಗಿಸಿದ. ನನಗಂತೂ ಅವನ ಮೇಲೆ ಎಳ್ಳಷ್ಟೂ ಕನಿಕರ ಬರುವುದಿಲ್ಲ.

"ಕಿತ್ತರೆ ಗುರುತು ಬಿಡುತ್ತದೆ, ಬಿಟ್ಟರೆ ಕೊಲ್ಲುವುದಿಲ್ಲ. ಮದ್ದೇನು?" ಎಂದು ಚೆನ್ನಾಜಿ ಮೂರನೆಯದನ್ನು ಕೇಳಿದಳು.

"ಸುಮ್ಮನಿರೋದೇ ಮದ್ದು ತಾಯೀ. ಗುಳ್ಳೆ ಬೇಡವೇ ಬೇಡ ಅಂದ್ರೆ ಕಾಸಿದ ಸೂಜಿ ಮೊನೆಯಿಂದ ಒಂದೊಂದನ್ನೇ ಮೇಲಮೇಲೆ ಸುಡಬೋದು. ಆಳಕ್ಕೆ ಇಳಿದ್ರೆ ಕಲೆ ನಿಲ್ತದೆ. ಸುಟ್ಟರೂ ಮತ್ತೆ ಬರಬೋದು."

ಮೂರೂ ಸರಿಯಾಗಿದ್ದವು. ಅರ್ಧ ರಾಜ್ಯ, ಮಗಳ ಕೈ ಎರಡೂ ಬೈಚನದಾದವು. ದೊರೆ ಸಿಂಹಾಸನದಿಂದಿಳಿದು ಹೇಳಿದ: "ಸೂಜಿ ಕಾಯಿಸಪ್ಪಾ. ಒಂದೂ ಉಳಿಯದ ಹಾಗೆ ಸುಟ್ಟುಬಿಡು. ನನಗೆ ಈ ಮುಖ ನೋಡೋಕಾಗ್ತಿಲ್ಲ."

ಬೈಚ ಚೆನ್ನಾಜಿಯ ಕಡೆ ನೋಡಿದ.

"ಒಂದನ್ನೂ ಮುಟ್ಟಬೇಡಿ" ಎಂದಳು ಅವಳು. "ಅಪ್ಪಾಜಿ ದಿನಾ ನೋಡಲಿ."