ಸದ್ದಾಗದಂತೆ ಇಳಿಸಿದ ಕಲ್ಲು

ನಂಬುವುದಿಲ್ಲವೇ? ಬೇಡ ಬಿಡಿ. ನಮ್ಮೂರ ಮಠದಲ್ಲಿ ಆ ಗುಂಡುಕಲ್ಲು ಈಗಲೂ ಇದೆ; ಬಂದು ಮೊಣಕಾಲಿನ ಮಟ್ಟಕ್ಕಾದರೂ ಎತ್ತಿ ತೋರಿಸಿ, ಆಮೇಲೆ ಮಾತಾಡೋಣ. ಅರವತ್ತು ಕಿಲೋ. ಹದಿನಾಲ್ಕನೆಯ ವಯಸ್ಸಿಗೇ ಅದನ್ನು ಹೆಗಲೇರಿಸಿದವನು ಸುತ್ತಲಿನ ಏಳು ಹಳ್ಳಿಯಲ್ಲಿ ನಾನೊಬ್ಬನೇ.

ಆ ವರ್ಷವೇ ಒಂದು ದಿನ, ಮಠದ ಸ್ವಾಮಿಗಳಾದ ಪೂಜ್ಯ ಅಡವಯ್ಯಜ್ಜನವರು ದನದ ಕೊಟ್ಟಿಗೆಯಲ್ಲಿದ್ದರು. ಪಾದಪೂಜೆಗೆ ಬಂದ ಭಕ್ತರು ಹೊರಗೆ ಕಾಯುತ್ತಿದ್ದರೆ, ಅವರು ಆಗಷ್ಟೇ ಹುಟ್ಟಿದ ಕರುವಿನ ಮೈಯನ್ನು ತಮ್ಮ ಕಾವಿ ಶಲ್ಯದಿಂದ ಒರೆಸುತ್ತಿದ್ದರು. ನನ್ನನ್ನು ಅಲ್ಲಿಗೆ ಎಳೆದುತಂದವಳು ಅಕ್ಕ ನೀಲವ್ವ.

"ಅಜ್ಜಾರ, ಅವ್ವ ಹೋಗಿ ನಾಕು ತಿಂಗಳಾತ್ರಿ. ಇವ ಒಂದು ಹನಿ ಕಣ್ಣೀರು ಹಾಕಿಲ್ಲ. ಸಾಲಿಗೆ ಹೋಗವಲ್ಲ, ಉಣವಲ್ಲ, ಮಲಗಿದ್ರ ನಿದ್ದಿಲ್ಲ. ಎದಿಯಾಗ ಏನರ ಆತಂದ್ರ ಓಡಿಹೋಗಿ ಕಲ್ಲು ಎತ್ತತಾನ. ನಿನ್ನೆ, 'ನಾಳೆ ಬೆಳಗಾಗೂದ ಬ್ಯಾಡ' ಅಂದಾನ್ರೀ..."

"ಗಂಡಸರು ಅಳ್ತಾರೇನ?" ನಾನು ಎದೆಯುಬ್ಬಿಸಿದೆ. "ಅಜ್ಜಾರ, ನಾ ಎತ್ತಿದ್ದಕ್ಕ ಊರೆಲ್ಲ ಶಿಳ್ಳಿ ಹೊಡದೈತ್ರಿ!"

ಅಜ್ಜನವರು ನಕ್ಕರು. "ಹಂಗಾರ ಬಾಗಲದಾಗಿನ ಆ ಕಲ್ಲು ಇಲ್ಲಿಗೆ ತಾರೋ ಪೈಲ್ವಾನ. ಒಗೀಬ್ಯಾಡ ಮತ್ತ. ಕರು ಮಲಗೈತಿ. ಸಪ್ಪಳಾಗದಂಗ ಇಳಸು."

ಎತ್ತಿದೆ. ಹೆಗಲ ಮೇಲೆ ಹೊತ್ತು ಕೊಟ್ಟಿಗೆಯೊಳಗೆ ಬಂದೆ. ಬಂದು ನಿಂತುಬಿಟ್ಟೆ. ನಮ್ಮ ಕಡೆ ಕಲ್ಲೆತ್ತಿದವನು ಅದನ್ನು ಬೆನ್ನ ಹಿಂದಕ್ಕೆ ಒಗೆಯುತ್ತಾನೆ. ನೆಲ ನಡುಗಬೇಕು, ಜನ ಕೂಗಬೇಕು. ಇಳಿಸುವುದನ್ನು ನನಗೆ ಯಾರೂ ಕಲಿಸಿರಲಿಲ್ಲ. ತೊಡೆ ನಡುಗತೊಡಗಿತು. ಬೆವರು ಕಣ್ಣಿಗಿಳಿಯಿತು. ಬಾಯಿಬಿಟ್ಟು ಕೇಳಲು ಮರ್ಯಾದೆ ಅಡ್ಡ ಬಂತು.

ಅಷ್ಟರಲ್ಲಿ ಅಜ್ಜನವರು ಎದ್ದು ಬಂದು ಕಲ್ಲಿನಡಿಗೆ ತಮ್ಮ ಒಣಕಲು ಕೈ ಕೊಟ್ಟಿದ್ದರು.

"ಇದು ಒಬ್ಬನ ಇಳಸೂವಂಥಾದ್ದಲ್ಲಪಾ," ಎಂದರು.

ಅಕ್ಕನೂ ಕೈ ಕೊಟ್ಟಳು. ಮೂವರೂ ಮಂಡಿಯೂರಿದೆವು. ಕಲ್ಲು ಹುಲ್ಲಿನ ಮೇಲೆ ಕೂತಾಗ ಕರು ಕಿವಿಯನ್ನೂ ಅಲುಗಿಸಲಿಲ್ಲ. ನಾನು ಕಲ್ಲಿಗೇ ಮುಖವಿಟ್ಟು "ಅವ್ವಾ" ಎಂದೆ. ಆಮೇಲೆ ಎಷ್ಟು ಹೊತ್ತು ಅತ್ತೆನೋ ತಿಳಿಯದು. ಪೂಜ್ಯರು ಕರುವನ್ನು ಒರೆಸಿದ ಶಲ್ಯದ ಇನ್ನೊಂದು ತುದಿಯಿಂದ ನನ್ನ ಮುಖ ಒರೆಸಿದರು.

ಒಂದೇ ದಿನಕ್ಕೆ ಎಲ್ಲ ಹಗುರಾಯಿತೆಂದು ಬುರುಡೆ ಬಿಡುವವನಲ್ಲ ನಾನು. ವರ್ಷವಿಡೀ ಸಂಜೆ ಮಠಕ್ಕೆ ಹೋಗಿ, ಆ ದಿನ ಎದೆಯಲ್ಲಿದ್ದದ್ದನ್ನು ಹೇಳಿಕೊಂಡೇ ಮನೆಗೆ ಬರುತ್ತಿದ್ದೆ. ಆದರೆ ಅಂದು ಮಧ್ಯಾಹ್ನ, ಅದೇ ಕೊಟ್ಟಿಗೆಯ ಹುಲ್ಲಿನಲ್ಲಿ, ಅಕ್ಕನ ತೊಡೆಯ ಮೇಲೆ ತಲೆಯಿಟ್ಟಾಗ, ನಾಲ್ಕು ತಿಂಗಳಲ್ಲಿ ಮೊದಲ ಸಲ ನನಗೆ ನಿದ್ದೆ ಬಂತು. ಅಜ್ಜನವರು ನನಗೆ ಕೊಟ್ಟದ್ದು ಆ ನಿದ್ದೆ.