ಕಮ್ಮಾರ ಮೋನಪ್ಪನ ಇಂಗ್ಲಿಷು

ಯಾವ ಅರಸನ ಕಾಲ ಅಂತ ಕೇಳಬೇಡಿ, ನನಗೂ ಗೊತ್ತಿಲ್ಲ, ನನಗೆ ಹೇಳಿದವರಿಗೂ ಗೊತ್ತಿರಲಿಲ್ಲ. ಬಹಳ ಹಿಂದೆ, ಇದ್ದಲಗುಂಡಿ ಅನ್ನುವ ಒಂದೂರಿನಲ್ಲಿ, ಮೋನಪ್ಪ ಅನ್ನುವ ಕಮ್ಮಾರನಿದ್ದನಂತೆ. ಅವನಿಗೆ ಅಕ್ಷರ ಬರುತ್ತಿರಲಿಲ್ಲ, ಇಂಗ್ಲಿಷು ಬರುತ್ತಿತ್ತಂತೆ. ನಗಬೇಡಿ, ಪೂರ್ತಿ ಕೇಳಿ. ಹರೆಯದಲ್ಲಿ ಎಲ್ಲೋ ರೈಲು ಕಾರ್ಖಾನೆಯಲ್ಲಿ ಹನ್ನೆರಡು ವರ್ಷ ಕಬ್ಬಿಣ ಬಡಿದು, ಆ ಭಾಷೆಯನ್ನು ಕಿವಿಯಲ್ಲೇ ತುಂಬಿಕೊಂಡು ಬಂದಿದ್ದ. ದಾರಿ ತಪ್ಪಿ ಬಂದ ಬಿಳಿಯ ದೊರೆಯೊಬ್ಬ ಅವನ ಮಾತು ಕೇಳಿ ಕುದುರೆಯಿಂದಿಳಿದು ಟೊಪ್ಪಿಗೆ ತೆಗೆದನಂತೆ. ದೊರೆಗಳು ಇಬ್ಬರು ಅನ್ನುವವರಿದ್ದಾರೆ, ನಾಲ್ವರು ಅನ್ನುವವರೂ ಇದ್ದಾರೆ. ಇರಲಿ ಬಿಡಿ. ನಾನು ಹೇಳಹೊರಟದ್ದು ದೊರೆಯ ಕಥೆಯಲ್ಲ, ನಾಚಿಕೆಯ ಕಥೆ.

ಆ ನಾಚಿಕೆ ರಾಚೋಟಪ್ಪ ಮಾಸ್ತರರದು. ಊರ ಶಾಲೆಯಲ್ಲಿ ಇಂಗ್ಲಿಷು ಕಲಿಸುತ್ತಿದ್ದವರು ಅವರೇ. ವ್ಯಾಕರಣವೆಂದರೆ ಅವರಿಗೆ ನೀರು ಕುಡಿದಷ್ಟು ಸುಲಭ. ಆದರೆ ಓದಿಸುವಾಗ ಎಲ್ಲ ಪದಕ್ಕೂ ಒಂದೇ ತೂಕ, ಮಗ್ಗಿ ಒಪ್ಪಿಸುವ ರಾಗ. ಎರಡೊಂದ್ಲ ಎರಡು ಅಂದ ಹಾಗೆಯೇ 'ದ ಟ್ರೇನ್ ಈಸ್ ಎಟ್ ದ ಸ್ಟೇಷನ್'. ಯಾವ ಪದಕ್ಕೂ ಅನ್ಯಾಯವಾಗಬಾರದು ಅನ್ನುವುದು ಅವರ ಹಟ. ತಪಾಸಣೆಗೆ ಬಂದ ಇನ್‌ಸ್ಪೆಕ್ಟರು ಕೇಳುವಷ್ಟು ಕೇಳಿ, ಇದು ಇಂಗ್ಲಿಷೋ ಮಗ್ಗಿಯೋ ಎಂದು ಮಕ್ಕಳ ಮುಂದೆಯೇ ಕೇಳಿದರಂತೆ. ಮಳೆಗಾಲ ಮುಗಿದ ಮೇಲೆ ಮತ್ತೆ ಬರುತ್ತೇನೆ, ಆಗಲೂ ಹೀಗೇ ಇದ್ದರೆ ಇಂಗ್ಲಿಷು ತರಗತಿಯನ್ನೇ ಮುಚ್ಚಿಸುತ್ತೇನೆ ಎಂದು ಹೇಳಿ ಹೋದರಂತೆ.

ಮಾಸ್ತರರಿಗೆ ಅನ್ನ ಇಳಿಯಲಿಲ್ಲ. ಕಟ್ಟೆಯ ಮೇಲೆ ಕೂತು ಅಕ್ಷರಗೇಡಿಯ ಇಂಗ್ಲಿಷು ಎಂದು ಮೋನಪ್ಪನನ್ನು ಆಡಿಕೊಂಡು ನಕ್ಕವರೇ ಅವರು. ಈಗ ಪುಸ್ತಕವನ್ನು ಶಲ್ಯದೊಳಗೆ ಮುಚ್ಚಿಟ್ಟುಕೊಂಡು ಅದೇ ಮೋನಪ್ಪನ ಕುಲುಮೆಗೆ ಹೋದರು. ಮೋನಪ್ಪ ಹಳೆಯದನ್ನು ಎತ್ತಲಿಲ್ಲವಂತೆ. ಒಂದು ವಾಕ್ಯ ಓದಿಸಿಕೊಂಡು ಕೇಳಿದನಂತೆ: "ಇದರಾಗ ನೀವು ಹೇಳಬೇಕಂದದ್ದು ಯಾವುದ್ರೀ?"

ರೈಲು, ನಿಲ್ದಾಣ ಎಂದರು ಮಾಸ್ತರರು.

ಕುಲುಮೆಯ ಪದ್ಧತಿ ನಿಮಗೆ ಗೊತ್ತಲ್ಲ. ಕಮ್ಮಾರ ಸಣ್ಣ ಸುತ್ತಿಗೆಯಿಂದ ಟಿಕ್ ಟಿಕ್ ಎಂದು ಜಾಗ ತೋರಿಸುತ್ತಾನೆ, ಎದುರು ನಿಂತವರು ದೊಡ್ಡ ಸಮ್ಮಟಿಗೆ ಎತ್ತಿ ಅಲ್ಲಿಗೇ ಹಾಕುತ್ತಾರೆ. ಮೋನಪ್ಪನ ಎದುರು ನಿಲ್ಲುತ್ತಿದ್ದವಳು ಅವನ ಹೆಂಡತಿ ಕಾಳವ್ವ. ಮಾಸ್ತರರು 'ಟ್ರೇನ್' ಅಂದಾಗ ಅವಳ ಸಮ್ಮಟಿಗೆ ಬಿತ್ತು. 'ಈಸ್ ಎಟ್ ದ' ಅನ್ನುವುದಕ್ಕೆ ಬರೀ ಸಣ್ಣ ಸುತ್ತಿಗೆ. 'ಸ್ಟೇಷನ್' ಅನ್ನುತ್ತಲೇ ಮತ್ತೆ ಸಮ್ಮಟಿಗೆ. ನಡುವೆ ಸಣ್ಣ ಪದಗಳು ಮೂರಿರಲಿ, ಐದಿರಲಿ, ಕಾಳವ್ವ ಕಾಯುವವಳಲ್ಲ, ಅವು ತಾವೇ ಒತ್ತಿಕೊಂಡು ಬೇಗ ಬೇಗ ಹೋಗಬೇಕು. ಅಷ್ಟೇ ವಿದ್ಯೆ. ಮಾಸ್ತರರ ಬಾಯಲ್ಲಿ ಹೊರಳದ ಭಾಷೆ ಆವತ್ತು ಹೊರಳಿತಂತೆ.

ಮಳೆಗಾಲವಿಡೀ ಮಕ್ಕಳು ಸಂಜೆ ಸಂಜೆ ಕುಲುಮೆಗೆ ಹೋದರು. ಮಾಸ್ತರರು ಓದುವುದು, ಇವರಿಬ್ಬರು ಬಡಿಯುವುದು, ಮಕ್ಕಳು ಹೇಳುವುದು. ಆ ತಿಂಗಳುಗಳಲ್ಲಿ ಮಾಡಿದ ಕುಡುಗೋಲುಗಳೆಲ್ಲ ಇಂಗ್ಲಿಷು ಕೇಳಿಯೇ ಹದವಾದವು ಅನ್ನುತ್ತಾರೆ.

ಇನ್‌ಸ್ಪೆಕ್ಟರು ಬಂದರು. ಮಕ್ಕಳು ಓದಿದರು. ಅವರು ಕುರ್ಚಿಯಿಂದ ಎದ್ದೇಬಿಟ್ಟರಂತೆ. ಹೀಗೆ ಕಲಿಸಿದ್ದು ಯಾರು ಎಂದು ಕೇಳಿದರು. ಅದೇ ಹೊತ್ತಿಗೆ ಮೋನಪ್ಪ ಶಾಲೆಯ ಬಾಗಿಲಿನ ರಿಪೇರಿಯಾದ ಅಗುಳಿಯನ್ನು ಹಿಡಿದುಕೊಂಡು ಹೊಸ್ತಿಲ ಹೊರಗೆ ನಿಂತಿದ್ದ. ಮಾಸ್ತರರು ಅವನನ್ನು ನೋಡಿದರು. ನೋಡಿಯೂ ಹೇಳಿದರು:

"ನಂದೇ ಉಪಾಯ ರೀ, ಸರ್."

ಅಯ್ಯೋ, ಆ ಮಾತು! ಮೋನಪ್ಪ ಅಗುಳಿಯನ್ನು ಸದ್ದಾಗದಂತೆ ಹೊಸ್ತಿಲ ಮೇಲಿಟ್ಟು ಹೋದನಂತೆ. ಮಕ್ಕಳು ತಲೆ ತಗ್ಗಿಸಿದರು. ತಗ್ಗಿಸಬೇಕಾದವರು ಮೆಚ್ಚುಗೆ ಪತ್ರ ಬರೆಸಿಕೊಳ್ಳುತ್ತಿದ್ದರು.

ಸಂಜೆ ಮಾಸ್ತರರು ಒಬ್ಬರೇ ಕುಲುಮೆಗೆ ಬಂದರು. ತಪ್ಪಾಯಿತು ಅನ್ನಲು ಬಾಯಿ ತೆರೆದರು. ಮೋನಪ್ಪ ಸಣ್ಣ ಸುತ್ತಿಗೆಯನ್ನು ಕಬ್ಬಿಣ ಬಡಿಯುವ ಅಡಿಗಲ್ಲಿನ ಮೇಲೆ ಅಡ್ಡ ಮಲಗಿಸಿದ. ಕುಲುಮೆಯಲ್ಲಿ ಹಾಗೆ ಮಲಗಿಸಿದರೆ, ಸಾಕು, ನಿಲ್ಲಿಸು ಎಂದರ್ಥ. ಕಾಳವ್ವ ಸಮ್ಮಟಿಗೆ ಇಳಿಸಿ, "ಸಾಲ್ಯಾಗ ಆಡಿದ ಮಾತನ್ನ ಸಾಲ್ಯಾಗ ಹಿಂದಕ್ಕ ತಗೋರಿ, ಇಲ್ಲಿ ಬ್ಯಾಡ" ಅಂದಳಂತೆ.

ನಾಳೆ ಹೇಳುತ್ತೇನೆ ಅಂದುಕೊಂಡರು ಮಾಸ್ತರರು. ನಾಳೆ ಬಂತು, ಹೇಳಲಿಲ್ಲ. ಮೆಚ್ಚುಗೆ ಪತ್ರಕ್ಕೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದರು, ಅದರ ಕೆಳಗೆ ನಿಂತು ಹೇಗೆ ಹೇಳುವುದು? ಮೋನಪ್ಪನೋ, ಮಕ್ಕಳು ಬಂದರೆ ಎಂದಿನಂತೆಯೇ ಬಡಿದು ಕಲಿಸುತ್ತಿದ್ದ. ಅವನು ಬೈದಿದ್ದರೆ ಮಾಸ್ತರರು ಬದುಕಿಕೊಳ್ಳುತ್ತಿದ್ದರು. ಅವನು ಕ್ಷಮಿಸಿಬಿಟ್ಟಿದ್ದ ಅನ್ನುವವರಿದ್ದಾರೆ, ನಾನು ನಂಬುವುದಿಲ್ಲ. ಹೀಗೆ ಒಂಬತ್ತು ವರ್ಷ ಹೋಯಿತಂತೆ. ಕುಲುಮೆಯ ಸದ್ದು ಕೇಳಿದಾಗಲೆಲ್ಲ ಮಾಸ್ತರರು ಕಿಟಕಿ ಮುಚ್ಚಿಸುತ್ತಿದ್ದರಂತೆ.

ಒಂದು ದಿನ ಸದ್ದು ತಾನಾಗಿಯೇ ನಿಂತಿತು. ಮೋನಪ್ಪ ತೀರಿಕೊಂಡಿದ್ದ.

ಮಣ್ಣು ಮಾಡಿ ಬಂದ ಮರುದಿನ ಮಾಸ್ತರರು ಊರವರನ್ನೆಲ್ಲ ಶಾಲೆಗೆ ಕರೆಸಿದರು. ಮಕ್ಕಳ ಮುಂದೆ ನಿಂತು, ಇದು ನನ್ನ ವಿದ್ಯೆಯಲ್ಲ, ಮೋನಪ್ಪನದು, ನಾನು ಕದ್ದೆ ಎಂದರು. ಅತ್ತರಂತೆ. ಗೋಡೆಯ ಪತ್ರ ಬಿಚ್ಚಿ ಕಾಳವ್ವನ ಮುಂದೆ ಹಿಡಿದರು. ಅವಳು ಮುಟ್ಟಲಿಲ್ಲ. "ಅಂವಾ ಬಾಗಲಾಗ ನಿಂತಾಗ ಹೇಳಬೇಕಿತ್ರೀ ಮಾಸ್ತರ" ಅಂದಳು. ಆದರೆ ಮನೆಗೆ ಹೋಗಿ ಆ ಸಣ್ಣ ಸುತ್ತಿಗೆ ತಂದು ಮೇಜಿನ ಮೇಲಿಟ್ಟಳು.

ಆ ಸುತ್ತಿಗೆ ಈಗಲೂ ಅಲ್ಲಿದೆ. ಈಗಲೂ ಆ ಶಾಲೆಯಲ್ಲಿ ಇಂಗ್ಲಿಷು ಪುಸ್ತಕ ತೆರೆಯುವ ಮೊದಲು ಬಾಗಿಲನ್ನು ಪೂರ್ತಿ ತೆರೆದಿಡುತ್ತಾರೆ. ಪಾಠ ಮಾಡುವವರು ಎದ್ದು ನಿಂತು, ಹೊಸ್ತಿಲ ಕಡೆ ನೋಡುತ್ತಾ, ಇದನ್ನು ಕಲಿಸಿದ್ದು ಯಾರು ಎಂದು ಕೇಳುತ್ತಾರೆ. ಮಕ್ಕಳು ಅಂಗೈಯಿಂದ ಮಣೆ ಬಡಿದು ಒಂದೇ ಏಟಿಗೆ ಹೇಳುತ್ತವೆ: ಮೋನಪ್ಪ. ಆಮೇಲೆಯೇ ಪಾಠ ಮಾಡುವವರು ಕೂರುವುದು.