ಸಂಕಮ್ಮನನ್ನು ಕರೆಯುವ ದನಿ

ಒಂದು ಆಸ್ಪತ್ರೆ ಇತ್ತು ಮಕ್ಕಳೇ. ರೋಗಿಗಳು ಕೂತು ಕಾಯೋ ದೊಡ್ಡ ಹಾಲ್‌ನಲ್ಲಿ ಒಂದು ಬೋರ್ಡು, ಅದಕ್ಕೊಂದು ಹೆಣ್ಣು ದನಿ. ಇಂಥವರು ಇಂಥ ಕೋಣೆಗೆ ಬನ್ನಿ ಅಂತ ಕರೆಯೋದು ಅದರ ಕೆಲಸ. ಯಂತ್ರದ ದನಿಯಾದರೂ ಎಷ್ಟೋ ಮನೆ ಸೊಸೆಯರಿಗಿಂತ ಮರ್ಯಾದೆಯಾಗಿ ಮಾತಾಡುತ್ತಿತ್ತು, ಸುಳ್ಳು ಯಾಕೆ ಹೇಳಲಿ.

ಒಂದು ಮಧ್ಯಾಹ್ನ ಕರೆಂಟು ಹೋಗಿ ಬಂತು. ಬೋರ್ಡು ಹತ್ತಿಕೊಂಡಿತು.

"ಸಂಕಮ್ಮ, ಮೂರನೇ ಕೋಣೆಗೆ ಬನ್ನಿ."

ಹಾಲ್‌ನಲ್ಲಿ ಕೆಮ್ಮುತ್ತಿದ್ದವರೂ ಕೆಮ್ಮು ನುಂಗಿದರು. ಯಾಕಂದರೆ ಸಂಕಮ್ಮ ಸತ್ತು, ಮಣ್ಣಾಗಿ, ಶಿವಗಣಾರಾಧನೆಯ ಊಟವೂ ಮುಗಿದಿತ್ತು. ಸರದಿಗೆ ಕಾಯುತ್ತಾ ಅದೇ ಮೂರನೇ ಕೋಣೆಯ ಬಾಗಿಲಲ್ಲಿ ಕುಸಿದವಳು ಅವಳು. ದನಿ ಬಿಡಲಿಲ್ಲ. ಸ್ವಲ್ಪ ಹೊತ್ತಿಗೆ ಮತ್ತೆ ಕರೆಯಿತು. ಮತ್ತೆ ಕರೆಯಿತು.

ಆ ಯಂತ್ರದ ಪ್ರೋಗ್ರಾಮನ್ನು ಜಾವಾ ಅನ್ನೋ ಭಾಷೆಯಲ್ಲಿ ಬರೆದವನು ವಾದಿರಾಜ. ಕೂರೋದು ಮೈಸೂರಲ್ಲಿ. ಅಲ್ಲಿಂದಲೇ ಒಂದು ಕಿಂಡಿ ತೆರೆದು, ಓಡುತ್ತಿರೋ ಪ್ರೋಗ್ರಾಮಿನ ಹೊಟ್ಟೆಗೆ ಕೈ ಹಾಕೋ ವಿದ್ಯೆ ಅವನಿಗೆ ಗೊತ್ತಿತ್ತು. ಆಸ್ಪತ್ರೆಯವರು ಫೋನು ಮಾಡಿದರು; ತಪ್ಪು ಹುಡುಕೋಕೆ ತಾನು ಬರೆದ ಒಂದು ಸಾಲಿನ ಮೇಲೆ ಪ್ರೋಗ್ರಾಮನ್ನು ತಡೆದು ನಿಲ್ಲಿಸಿದ. ಇಲ್ಲಿ ಹಾಲ್‌ನಲ್ಲಿ ದನಿ "ಸಂಕಮ್ಮ" ಅಂದದ್ದು ಅಲ್ಲಿಗೇ ನಿಂತಿತು. ಯಾವ ಕೋಣೆ ಅಂತ ಹೇಳಲಿಲ್ಲ. ಅರ್ಧಕ್ಕೆ ನಿಂತ ಆ ಕರೆಯ ಕೆಳಗೆ ಜನ ಕೂತಲ್ಲೇ ಕೂತರು. ಎದ್ದು ಹೋಗೋಕೂ ಹೆದರಿಕೆ.

ತಪ್ಪು ಸಿಕ್ಕಿತು. ನಿಂತು ಮತ್ತೆ ಎದ್ದಾಗಲೆಲ್ಲ ಹಳೇ ಪಟ್ಟಿ ತೆಗೆದು, ಕರೆದಾಗ ಬಾರದವರನ್ನು ಮತ್ತೆ ಮತ್ತೆ ಕರೆ ಅಂತ ಇವನೇ ಬರೆದಿದ್ದ. ಸತ್ತವರು ಬರೋದಿಲ್ಲ ಅಂತ ಬರೆಯೋದು ಮರೆತಿದ್ದ. ಓಡೋದು ಓಡುತ್ತಿರುವ ಹಾಗೇ ಸಾಲು ಬದಲಾಯಿಸಿದ. ದನಿ ಸುಮ್ಮನಾಯಿತು. ಎಲ್ಲರೂ ಹೊಗಳಿದರು, ಇವನೂ ಉಬ್ಬಿದ.

ಆದರೆ ಕೇಳಿ. ಆ ಪ್ರೋಗ್ರಾಮು ಓಡೋದು ಕಂಟೇನರ್ ಅನ್ನೋ ಪೆಟ್ಟಿಗೆಯೊಳಗೆ. ಸಂಕ್ರಾಂತಿಗೆ ಸಕ್ಕರೆ ಅಚ್ಚು ಹೊಯ್ಯಲ್ವೇ, ಹಾಗೆ ಪೆಟ್ಟಿಗೆಗೂ ಒಂದು ಅಚ್ಚು ಇರುತ್ತಂತೆ. ಕರೆಂಟು ಹೋಗಿ ಪೆಟ್ಟಿಗೆ ಸತ್ತರೆ, ಅದೇ ಅಚ್ಚಿನಿಂದ ಇನ್ನೊಂದು ಹುಟ್ಟುತ್ತೆ. ವಾದಿರಾಜ ಕೊಕ್ಕು ಮುರಿದ ಸಕ್ಕರೆ ಗಿಳಿಗೆ ಕೊಕ್ಕು ಅಂಟಿಸಿದ್ದನೇ ಹೊರತು ಅಚ್ಚು ಮುಟ್ಟಿರಲಿಲ್ಲ. ಮುಟ್ಟಬೇಕಾದರೆ ಅಚ್ಚಿನ ಉಸ್ತುವಾರಿ ಹೊತ್ತ, ಇವನಿಗೆ ಕೆಲಸ ಕಲಿಸಿದ ಗುರು ಸೀತಾಲಕ್ಷ್ಮಿಯವರ ಮುಂದೆ ತಪ್ಪು ಒಪ್ಪಿಕೊಳ್ಳಬೇಕಿತ್ತಲ್ಲ! ಹಾಗಾಗಿ ಕರೆಂಟು ಹೋದಾಗಲೆಲ್ಲ ಸಂಕಮ್ಮನ ಕರೆ ಬರೋದು, ಇವನು ಕದ್ದು ಕೈ ಹಾಕಿ ಸುಮ್ಮನಾಗಿಸೋದು.

ರಿಪೇರಿಯಾದ ಮೇಲೂ ಕರೆ ಬರುತ್ತೆ ಅಂದರೆ ಊರ ಬಾಯಿಗೆ ಅಷ್ಟು ಸಾಲದೇ? ಅಪವಾದ ಮೂರನೇ ಕೋಣೆಯ ನರ್ಸ್ ಶಕುಂತಲಾಳ ಮೇಲೆ ಬಿತ್ತು. "ಸರದಿ ಬಂದಿದ್ರೂ ಒಳಗೆ ಬಿಡಲಿಲ್ಲವಂತೆ ಕಣೆ." "ಒಳಗೆ ಡಾಕ್ಟರ ಜೊತೆ ಹಲ್ಲು ಕಿರೀತಾ ನಿಂತಿದ್ಲಂತೆ." "ಅದಕ್ಕೇ ಸತ್ತವಳು ಆ ಬಾಗಿಲನ್ನೇ ಕೇಳ್ತಾಳೆ." ಆಸ್ಪತ್ರೆಯವರು ಅವಳನ್ನು ಕರೆದು, ಇನ್ನೊಮ್ಮೆ ಆ ಹೆಸರು ಕೇಳಿಸಿದರೆ ನೀನು ಕೆಲಸಕ್ಕೆ ಬರಬೇಡ ಅಂದರು.

ಅವಳು ವಾದಿರಾಜನಿಗೆ ಫೋನು ಮಾಡಿದಳು. "ಸಾರ್, ಯಂತ್ರದ್ದೇನಾದ್ರೂ ತಪ್ಪಿದ್ರೆ ಒಂದು ಮಾತು ಹೇಳಿ ಸಾರ್. ಕೆಲಸವೂ ಹೋಗುತ್ತೆ, ಹೆಸರೂ ಹೋಗುತ್ತೆ."

ನಾಲಿಗೆ ಹೇಗೆ ತಿರುಗಿತೋ ಅವನಿಗೆ! "ಯಂತ್ರ ಸರಿಯಾಗಿದೆ ಸಿಸ್ಟರ್. ನಾನೇ ರಿಪೇರಿ ಮಾಡಿದ್ದೀನಿ."

ಮತ್ತೆ ಕರೆಂಟು ಹೋಯಿತು, ಮತ್ತೆ ಕರೆ ಬಂತು. ಶಕುಂತಲಾ ಚೀಲ ಹೆಗಲಿಗೆ ಹಾಕಿಕೊಂಡು ಮನೆಗೆ ಹೋದಳು.

ಅವತ್ತು ವಾದಿರಾಜ, ದನಿ ನಿಲ್ಲುತ್ತೋ ಇಲ್ಲವೋ ಕೇಳೋಕೆ, ಆಸ್ಪತ್ರೆಯ ಚೀಟಿ ಕೌಂಟರಿನವಳ ಫೋನನ್ನು ಬೋರ್ಡಿನ ಹತ್ತಿರ ಹಿಡಿಸಿದ್ದ. "ಸಂಕಮ್ಮ, ಮೂರನೇ ಕೋಣೆಗೆ ಬನ್ನಿ." ಅದರ ಬೆನ್ನಿಗೇ ಒಂದು ಮುದಿ ದನಿ ಉತ್ತರ ಕೊಟ್ಟಿತು. "ಬಂದ್ಲು ರೀ, ಬಂದ್ಲು. ಕಾಲು ನೋವು ಅವಳಿಗೆ, ಸ್ವಲ್ಪ ತಡೀರಿ."

ವಾದಿರಾಜ ಫೋನನ್ನು ಕಿವಿಗೆ ಒತ್ತಿಕೊಂಡ. "ಯಾರದು?"

"ಕೊಟ್ರಪ್ಪ, ಸಂಕಮ್ಮನ ಗಂಡ," ಅಂದಳು ಕೌಂಟರಿನವಳು, ಪಿಸುದನಿಯಲ್ಲಿ. "ಈ ಕರೆ ಶುರುವಾದಾಗಿನಿಂದ ದಿನಾ ಬರ್ತಾರೆ ಸಾರ್. ಪಕ್ಕದ ಕುರ್ಚಿಗೆ ಟವೆಲ್ ಹಾಕಿ ಸೀಟು ಹಿಡೀತಾರೆ."

ವಾದಿರಾಜ ಎದ್ದವನೇ ಗುರುವಿನ ಕಾಲಿಗೆ ಬಿದ್ದ. ಸೀತಾಲಕ್ಷ್ಮಿ ಬೈಯಲಿಲ್ಲ. "ನನ್ನ ಮುಂದೆ ಒಪ್ಪಿಕೊಂಡರೆ ಏನು ಬಂತಯ್ಯಾ? ಅಲ್ಲಿಗೆ ಹೋಗು. ಆ ನರ್ಸ್ ಹುಡುಗಿಯನ್ನ ಕರೆಸು. ಪೆಟ್ಟಿಗೆಯನ್ನ ಎಲ್ಲರೆದುರು ಕೆಡವು, ಎಲ್ಲರೆದುರು ಕಟ್ಟು."

ಹೋದ. ಶಕುಂತಲಾಳನ್ನು ಕರೆಸಿ, ಹಾಲ್‌ನಲ್ಲಿ ನಿಂತು, ತಪ್ಪು ನನ್ನದು, ಸಿಸ್ಟರದ್ದಲ್ಲ ಅಂದ. ನಂಬೋರ್ಯಾರು? "ಹಾಗಾದ್ರೆ ಸಂಕಮ್ಮನನ್ನ ನೀನೇ ಕರೆಸು, ನೋಡೋಣ," ಅಂತ ಯಾರೋ ಕೂಗಿದರು. ಅವನು ಪೆಟ್ಟಿಗೆ ಕೆಡವಿದ. ಹಳೇ ಅಚ್ಚಿನಿಂದ ಹೊಸದು ಎದ್ದಿತು. "ಸಂಕಮ್ಮ, ಮೂರನೇ ಕೋಣೆಗೆ ಬನ್ನಿ." ಈ ಸಲ ಕರೆಂಟೂ ಹೋಗಿರಲಿಲ್ಲ. ಶಕುಂತಲಾಳ ಮೇಲೆ ಕಥೆ ಕಟ್ಟಿದ್ದ ಹೆಂಗಸರೆಲ್ಲ ಸೆರಗು ಬಾಯಿಗೆ ಅಡ್ಡ ಹಿಡಿದರು. ಆಮೇಲೆ ಅವನು ಅಚ್ಚನ್ನೇ ತಿದ್ದಿ, ಮತ್ತೆ ಕೆಡವಿ ಎಬ್ಬಿಸಿದ.

ಎಲ್ಲರೂ ಕಾದರು. "ಇಮಾಂಬಿ, ಎರಡನೇ ಕೋಣೆಗೆ ಬನ್ನಿ," ಅಂತು ದನಿ. ಬದುಕಿದ್ದವಳೊಬ್ಬಳು ಎದ್ದು ಹೋದಳು.

ಶಕುಂತಲಾ ಯಾರ ಮುಖವನ್ನೂ ನೋಡದೆ ನಡೆದು ತನ್ನ ಮೂರನೇ ಕೋಣೆಯ ಬಾಗಿಲು ತೆಗೆದಳು.

ಕೊಟ್ರಪ್ಪ ಮಾತ್ರ ಟವೆಲ್ ಮೇಲೆ ಕೈ ಇಟ್ಟುಕೊಂಡು ಕೂತೇ ಇದ್ದ. ವಾದಿರಾಜ ಹತ್ತಿರ ಬಂದಾಗ ಅವನ ತೋಳು ಹಿಡಿದ.

"ಇನ್ನೊಂದೇ ಸಲ ಕರೆಸಪ್ಪಾ. ಈಗ ಬಾಗಿಲ ತನಕ ಬಂದಿದ್ಲು."

ಟವೆಲ್ ಹಾಕಿದ್ದ ಆ ಕುರ್ಚಿಯಲ್ಲಿ ಇವತ್ತಿಗೂ ಯಾರೂ ಕೂರೋದಿಲ್ಲ.

ನೀತಿ: ಸಕ್ಕರೆ ಗಿಳಿಗೆ ಕೊಕ್ಕು ಅಂಟಿಸಿ ಗೆದ್ದೆ ಅನ್ನಬೇಡಿ, ಅಚ್ಚನ್ನು ತಿದ್ದಿ. ಮುಚ್ಚಿಟ್ಟ ತಪ್ಪು ಸಾಯೋದಿಲ್ಲ. ಅದು ಮತ್ತೆ ಹುಟ್ಟಿ ಬರುತ್ತೆ, ಬಂದಾಗ ತಟ್ಟೋದು ನಿಮ್ಮ ಬಾಗಿಲನ್ನಲ್ಲ, ಏನೂ ಅರಿಯದವರ ಬಾಗಿಲನ್ನು.